ಮಣ್ಣಿನ ತೇವ ಆರುವ ಮುನ್ನ: ಕೈತೋಟಕ್ಕೆ ಸಾವಯವ ಮುಚ್ಚಿಗೆ

ಹೆಚ್ಚಿನವರಿಗೆ ಮುಚ್ಚಿಗೆಯ, ಅಂದರೆ ಮಣ್ಣಿನ ಮೇಲೆ ಹೊದಿಸುವ ಎಲೆ-ಹುಲ್ಲಿನ ಹೊದಿಕೆಯ ನೆನಪಾಗುವುದು ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ. ಬದನೆ, ಮೆಣಸಿನ ಗಿಡಗಳು ನಡುಮಧ್ಯಾಹ್ನಕ್ಕೆ ಬಾಡಿ ಜೋತುಬೀಳತೊಡಗಿದಾಗ, ಎಲ್ಲಿಂದಲೋ ಒಂದಿಷ್ಟು ಹುಲ್ಲು ತಂದು ಬುಡಕ್ಕೆ ಹರಡುತ್ತಾರೆ. ಅದರಿಂದ ಅಷ್ಟಿಷ್ಟು ನೆರಳಾಗುತ್ತದೆ, ನಿಜ. ಆದರೆ ಮುಚ್ಚಿಗೆ ನೀರನ್ನು ಹುಟ್ಟಿಸುವುದಿಲ್ಲ, ಮಣ್ಣಿನಲ್ಲಿ ಇರುವ ನೀರನ್ನು ಹಿಡಿದಿಡುತ್ತದೆ. ಒಂದು ಅಡಿ ಆಳದವರೆಗೂ ಒಣಗಿಹೋದ ಮಣ್ಣಿನ ಮೇಲೆ ಎಷ್ಟು ದಪ್ಪ ಹೊದಿಸಿದರೂ ಹಿಡಿದಿಡಲು ಅಲ್ಲಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಮುಚ್ಚಿಗೆ ಹಾಕಲು ತಕ್ಕ ಕಾಲವೆಂದರೆ ಮಳೆ ಹಿಂದೆ ಸರಿದು, ನೆಲದೊಳಗೆ ತೇವ ತುಂಬಿಕೊಂಡಿರುವ ಹೊತ್ತು. ಕರಾವಳಿ ಮತ್ತು ಮಲೆನಾಡಿನಲ್ಲಿ ಅದು ಅಕ್ಟೋಬರ್ ಕೊನೆಯ ವಾರಗಳು. ಸೆಪ್ಟೆಂಬರ್-ಅಕ್ಟೋಬರಿನಲ್ಲೇ ಒಳ್ಳೆಯ ಮಳೆ ಕಾಣುವ ಬೆಂಗಳೂರು, ಕೋಲಾರ, ತುಮಕೂರು ಸೀಮೆಯಲ್ಲಿ ನವೆಂಬರ್. ಈ ಬರಹದಲ್ಲಿ ಹೇಳುವ ಉಳಿದ ಎಲ್ಲ ಕ್ರಮಕ್ಕಿಂತ ಕಾಲದ ಈ ಒಂದು ಮಾತು ಮುಖ್ಯವೆಂದು ನಾನು ತಿಳಿದಿದ್ದೇನೆ.

ಬರಿನೆಲದಲ್ಲಿ ಏನಾಗುತ್ತದೆ

ನಮ್ಮ ಬಯಲುಸೀಮೆಯ ಕೆಂಪು ಮಣ್ಣಿನ ಮೇಲೆ ಜೋರುಮಳೆ ಬಿದ್ದ ಮರುದಿನ ತೋಟಕ್ಕೆ ಹೋಗಿ ನೋಡಿದರೆ, ಅಗೆದು ಹದ ಮಾಡಿದ ಪಾತಿಯ ಮೇಲ್ಮೈ ನುಣುಪಾಗಿ ಹೆಪ್ಪುಗಟ್ಟಿರುವುದು ಕಾಣುತ್ತದೆ. ಮಳೆಹನಿಗಳ ಹೊಡೆತಕ್ಕೆ ಮಣ್ಣಿನ ಸಣ್ಣ ಹರಳುಗಳು ಒಡೆದು, ನುಣ್ಣನೆಯ ಕಣಗಳು ರಂಧ್ರಗಳಿಗೆ ತುಂಬಿ, ಬಿಸಿಲಿಗೆ ಒಣಗಿ ಗಟ್ಟಿ ಪದರವಾಗುತ್ತವೆ. ಮುಂದಿನ ಮಳೆಯ ನೀರು ಆ ಪದರದ ಮೇಲೆ ಹರಿದುಹೋಗುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಬಿತ್ತಿದ ಬೀಜದ ಮೊಳಕೆಗೂ ಅದನ್ನು ಭೇದಿಸಿ ಮೇಲೆ ಬರುವುದು ಕಷ್ಟ. ಉತ್ತರ ಕರ್ನಾಟಕದ ಕಪ್ಪು ಮಣ್ಣಿನ ತೊಂದರೆ ಬೇರೆ ಬಗೆಯದು. ಅಲ್ಲಿ ನೆಲ ಒಣಗುತ್ತಿದ್ದಂತೆ ಬಿರುಕು ಬಿಟ್ಟು, ಆ ಬಿರುಕಿನ ಮೂಲಕ ಆಳದ ತೇವವೂ ಆವಿಯಾಗಿ ಹೊರಟುಹೋಗುತ್ತದೆ.

ಎರಡೂ ಕಡೆ ಮುಚ್ಚಿಗೆ ಮಾಡುವ ಮೊದಲ ಕೆಲಸ ಒಂದೇ: ಹನಿಯ ಪೆಟ್ಟನ್ನು ತಾನು ತಿಂದು, ನೀರನ್ನು ನಿಧಾನವಾಗಿ ಮಣ್ಣಿಗೆ ಬಿಡುವುದು, ಮತ್ತು ಬಿಸಿಲು ಹಾಗೂ ಗಾಳಿ ನೇರವಾಗಿ ಮಣ್ಣಿಗೆ ತಾಗದಂತೆ ತಡೆಯುವುದು. ಏಪ್ರಿಲ್ ತಿಂಗಳ ಮಧ್ಯಾಹ್ನ ಬರಿಮಣ್ಣಿನ ಮೇಲೆ ಅಂಗೈ ಇಟ್ಟು, ಹತ್ತಿರದಲ್ಲೇ ಎಲೆ ಹೊದಿಸಿದ ಕಡೆ ಎಲೆಯನ್ನು ಸರಿಸಿ ಮತ್ತೆ ಅಂಗೈ ಇಟ್ಟರೆ ವ್ಯತ್ಯಾಸ ತಿಳಿಯಲು ಯಾವ ಉಪಕರಣವೂ ಬೇಡ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಹರಡಿರುವುದು ಮಣ್ಣಿನ ಮೇಲಿನ ಕೆಲವು ಅಂಗುಲಗಳಲ್ಲಿ. ಬರಿನೆಲದಲ್ಲಿ ಆ ಪದರ ಕಾದು ಒಣಗುವುದರಿಂದ ಅಲ್ಲಿನ ಬೇರುಗಳು ಸಾಯುತ್ತವೆ. ಹೊದಿಸಿದ ನೆಲದಲ್ಲಿ ಅವು ಮುಚ್ಚಿಗೆಯ ಅಡಿಯವರೆಗೂ ಬಂದು ಆಹಾರ ಹುಡುಕುತ್ತವೆ.

ಕಳೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅನೇಕ ಕಳೆಬೀಜಗಳು ಮೊಳೆಯಲು ಬೆಳಕು ಬೇಕು. ದಪ್ಪ ಮುಚ್ಚಿಗೆಯಡಿ ಬೆಳಕಿಲ್ಲದೆ ಅವು ಹಾಗೆಯೇ ಮಲಗಿರುತ್ತವೆ, ಮೊಳೆತವೂ ಮೇಲೆ ಬರಲಾರದೆ ಸೊರಗುತ್ತವೆ. ಆದರೆ ಗರಿಕೆ ಮತ್ತು ಜೇಕಿನ ಗಡ್ಡೆಗೆ ಈ ನಿಯಮ ಅನ್ವಯಿಸುವುದಿಲ್ಲ. ಜೇಕು ಪ್ಲಾಸ್ಟಿಕ್ ಹಾಳೆಯನ್ನೂ ತೂತು ಮಾಡಿಕೊಂಡು ಬರುವ ಕಳೆ. ಅಂಥ ಜಾಗದಲ್ಲಿ ಮೊದಲು ಗಡ್ಡೆಸಹಿತ ಅಗೆದು ತೆಗೆದು, ಆಮೇಲೆ ಹೊದಿಸಬೇಕು.

ಟೊಮೆಟೊ, ಬದನೆ ಬೆಳೆಯುವವರಿಗೆ ಇನ್ನೊಂದು ಲಾಭವಿದೆ. ಮಳೆ ಅಥವಾ ಪೈಪಿನ ನೀರು ಬಿದ್ದಾಗ ಮಣ್ಣು ಸಿಡಿದು ಕೆಳಗಿನ ಎಲೆಗಳಿಗೆ ಅಂಟುತ್ತದೆ, ಮಣ್ಣಿನಲ್ಲಿರುವ ಶಿಲೀಂಧ್ರಗಳು ಆ ಮೂಲಕ ಗಿಡವನ್ನು ಏರುತ್ತವೆ. ಟೊಮೆಟೊದ ಎಲೆಚುಕ್ಕೆ ರೋಗ ಯಾವಾಗಲೂ ಬುಡದ ಎಲೆಗಳಿಂದ ಶುರುವಾಗಲು ಇದೂ ಒಂದು ಕಾರಣ. ಮುಚ್ಚಿಗೆಯಿದ್ದರೆ ಮಣ್ಣು ಸಿಡಿಯುವುದಿಲ್ಲ, ನೆಲಕ್ಕೆ ತಾಗುವ ಕಾಯಿಯೂ ಕೊಳೆಯುವುದು ಕಡಿಮೆ.

ಯಾವುದನ್ನು ಹೊದಿಸುವುದು

ನಮ್ಮ ನಾಡಿನಲ್ಲಿ ಇದು ಹೊಸ ವಿದ್ಯೆಯೇನೂ ಅಲ್ಲ. ಮಲೆನಾಡಿನ ಅಡಿಕೆ ತೋಟಗಳು ತಲೆಮಾರುಗಳಿಂದ ಬಾಳಿದ್ದು ಸೊಪ್ಪು ಮತ್ತು ದರಗಿನಿಂದ, ಅಂದರೆ ಉದುರಿದ ಒಣ ಎಲೆಯಿಂದ. ಉತ್ತರ ಕನ್ನಡದಲ್ಲಿ ತೋಟಕ್ಕೆ ಸೇರಿದಂತೆ ಸೊಪ್ಪಿನ ಬೆಟ್ಟಗಳನ್ನು ಬಿಟ್ಟುಕೊಟ್ಟಿದ್ದು ಈ ಅಗತ್ಯಕ್ಕಾಗಿಯೇ. ಬೆಟ್ಟದಿಂದ ತಂದ ದರಗು ಮೊದಲು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗಿ, ಸಗಣಿ-ಗಂಜಲ ಕುಡಿದು, ಗೊಬ್ಬರಗುಂಡಿಗೆ ಹೋಗಿ, ಕೊನೆಗೆ ಮರದ ಬುಡ ಸೇರುತ್ತಿತ್ತು. ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿ ಪದ್ಧತಿಯಲ್ಲಿ ಸಗಣಿ-ಗಂಜಲದಿಂದ ಮಾಡುವ ಜೀವಾಮೃತ, ಬೀಜಾಮೃತಗಳ ಜೊತೆಗೆ ಆಚ್ಛಾದನ, ಅಂದರೆ ಮುಚ್ಚಿಗೆಯೂ ಒಂದು ಸ್ತಂಭವಾಗಿರುವುದು ಇದೇ ತಿಳಿವಳಿಕೆಯ ಮುಂದುವರಿಕೆ.

ಕೈತೋಟದವರು ಸಾಮಗ್ರಿಯನ್ನು ಆರಿಸುವಾಗ ಒಂದು ಲೆಕ್ಕ ತಿಳಿದಿರಬೇಕು. ಸಸ್ಯಪದಾರ್ಥಗಳೆಲ್ಲದರಲ್ಲೂ ಇಂಗಾಲ ಮತ್ತು ಸಾರಜನಕ ಬೇರೆಬೇರೆ ಪ್ರಮಾಣದಲ್ಲಿರುತ್ತವೆ. ಒಂದು ಪಾಲು ಸಾರಜನಕಕ್ಕೆ ಸುಮಾರು 25 ಪಾಲು ಇಂಗಾಲ ಇರುವ ಪದಾರ್ಥವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಸಲೀಸಾಗಿ ಕೊಳೆಸುತ್ತವೆ. ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡದ ಹಸಿ ಸೊಪ್ಪಿನಲ್ಲಿ ಇಂಗಾಲದ ಪಾಲು ಅದಕ್ಕಿಂತಲೂ ಕಡಿಮೆ. ಆದ್ದರಿಂದ ಅದು ಕೆಲವೇ ವಾರಗಳಲ್ಲಿ ಕರಗಿ ಗಿಡಕ್ಕೆ ಆಹಾರವಾಗುತ್ತದೆ, ಆದರೆ ಹೊದಿಕೆಯಾಗಿ ಹೆಚ್ಚು ದಿನ ನಿಲ್ಲುವುದಿಲ್ಲ. ಭತ್ತದ ಹುಲ್ಲಿನಲ್ಲಿ ಇಂಗಾಲ 60-80 ಪಾಲಿನಷ್ಟಿದ್ದು ಕೆಲವು ತಿಂಗಳು ಬಾಳುತ್ತದೆ. ಮರದ ಹೊಟ್ಟಿನಲ್ಲಿ ಅದು ಹಲವು ನೂರು ಪಾಲು. ಇಂಥ ಒರಟು ಪದಾರ್ಥವನ್ನು ಮಣ್ಣಿನೊಳಗೆ ಬೆರೆಸಿದರೆ, ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎತ್ತಿಕೊಂಡು ಗಿಡವನ್ನು ಉಪವಾಸ ಕೆಡವುತ್ತವೆ, ಎಲೆಗಳು ಹಳದಿಯಾಗುತ್ತವೆ. ಆದರೆ ಮೇಲೆ ಹೊದಿಸಿದಾಗ ಈ ತೊಂದರೆ ಮಣ್ಣಿಗೂ ಮುಚ್ಚಿಗೆಗೂ ತಾಗುವ ತೆಳು ಪದರಕ್ಕಷ್ಟೇ ಸೀಮಿತ. ಹಾಗಾಗಿ ನಿಯಮ ಸರಳವಾಗಿದೆ: ಮುಚ್ಚಿಗೆಯನ್ನು ಅಗೆದು ಬೆರೆಸಬಾರದು.

ನನ್ನ ಅನುಭವದಲ್ಲಿ ಎರಡು ಬಗೆಯನ್ನು ಜೋಡಿಸುವುದೇ ಉತ್ತಮ. ಕೆಳಗೆ ಬೇಗ ಕರಗುವ ಹಸಿ ಸೊಪ್ಪು, ಮೇಲೆ ನಿಧಾನವಾಗಿ ಕರಗುವ ಒಣ ಎಲೆ ಅಥವಾ ಹುಲ್ಲು. ಹೊಂಗೆ, ಗ್ಲಿರಿಸಿಡಿಯಾ, ಸೆಣಬು, ಹೂವಿಗೆ ಬರುವ ಮುಂಚೆ ಕಿತ್ತ ಯಾವುದೇ ಕಳೆಗಿಡ, ಇವೆಲ್ಲ ಕೆಳಗಿನ ಪದರಕ್ಕೆ ಸಲ್ಲುತ್ತವೆ. ಪಾರ್ಥೇನಿಯಂ ಕೂಡ ಹೂ ಬಿಡುವ ಮುನ್ನವಾದರೆ ಆಗಬಹುದು, ಆದರೆ ಕೀಳುವಾಗ ಕೈಗವಸು ಇರಲಿ, ಏಕೆಂದರೆ ಅದರಿಂದ ಚರ್ಮಕ್ಕೆ ಅಲರ್ಜಿಯಾಗುತ್ತದೆ.

ಮೇಲಿನ ಪದರ ಅವರವರ ಊರಿನಲ್ಲಿ ಸಿಗುವುದನ್ನು ಅವಲಂಬಿಸಿದೆ. ಮಂಡ್ಯ, ಬೆಳಗಾವಿ ಕಡೆಯವರಿಗೆ ಕಬ್ಬಿನ ರವದಿ, ಅಂದರೆ ಒಣಗಿದ ಗರಿ ಸಿಗುತ್ತದೆ. ಗದ್ದೆಯಲ್ಲಿ ಅದಕ್ಕೆ ಬೆಂಕಿ ಹಚ್ಚುವುದನ್ನು ನೋಡುವಾಗ ಮನಸ್ಸಿಗೆ ಬಹಳ ನೋವಾಗುತ್ತದೆ. ಅಡಿಕೆ ಸೀಮೆಯಲ್ಲಿ ಸೋಗೆ ಮತ್ತು ಸಿಪ್ಪೆ, ಕೊಡಗು-ಚಿಕ್ಕಮಗಳೂರಿನಲ್ಲಿ ನೆರಳು ಮರಗಳ ತರಗೆಲೆ, ತಿಪಟೂರು-ಅರಸೀಕೆರೆ ಸುತ್ತಮುತ್ತ ತೆಂಗಿನ ಗರಿ, ಸಿಪ್ಪೆ ಮತ್ತು ನಾರಿನ ಪುಡಿ ಧಾರಾಳ. ರಾಗಿ ಹುಲ್ಲನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಬೇಕು. ಅದು ದನದ ಬಾಯಿಗೆ ಸೇರಬೇಕಾದ ಮೇವು. ದನ ತಿಂದು ಉಳಿಸಿದ ಕಸಕಡ್ಡಿ, ಮಳೆಗೆ ನೆನೆದು ಮುಗ್ಗಿದ ಹುಲ್ಲು ಮುಚ್ಚಿಗೆಗೆ ಸಾಕು.

ನಗರದವರಿಗೆ ತರಗೆಲೆಯೇ ಸಂಪತ್ತು. ಬೆಂಗಳೂರಿನ ರಸ್ತೆಬದಿಯ ಮರಗಳು ಜನವರಿಯಿಂದ ಮಾರ್ಚ್ ತನಕ ಎಲೆ ಉದುರಿಸುತ್ತವೆ. ಗುಡಿಸಿ ರಾಶಿ ಹಾಕಿ ಸುಡುವುದು ಇಂದಿಗೂ ನಿಂತಿಲ್ಲ, ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿದ್ದರೂ ಸಹ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ: ಎಲೆ ಉದುರುವುದು ಮಾಘ-ಫಾಲ್ಗುಣದಲ್ಲಿ, ಹೊದಿಸಬೇಕಾದದ್ದು ಕಾರ್ತಿಕದಲ್ಲಿ. ಆದ್ದರಿಂದ ಈ ವರ್ಷ ಉದುರಿದ ಎಲೆಯನ್ನು ಮುಂದಿನ ಹಂಗಾಮಿಗಾಗಿ ಕೂಡಿಡುವುದನ್ನು ರೂಢಿಸಿಕೊಳ್ಳಬೇಕು. ಕೋಳಿಬಲೆ ಎಂದು ಅಂಗಡಿಯಲ್ಲಿ ಸಿಗುವ ತಂತಿಬಲೆಯನ್ನು ಮೂರು ಅಡಿ ಅಗಲಕ್ಕೆ ಸುತ್ತಿ ಮೂಲೆಯಲ್ಲಿ ನಿಲ್ಲಿಸಿ, ಎಲೆಯನ್ನು ತುಳಿದು ತುಂಬಿ, ಆಗಾಗ ನೀರು ಚಿಮುಕಿಸಿ ಬಿಟ್ಟರೆ, ನವೆಂಬರ್ ಹೊತ್ತಿಗೆ ಅದು ಅರೆಕೊಳೆತು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆ ಎಲೆ ಗಾಳಿಗೆ ಹಾರುವುದಿಲ್ಲ, ನೀರನ್ನೂ ಚೆನ್ನಾಗಿ ಹಿಡಿಯುತ್ತದೆ. ಜನವರಿಯಲ್ಲಿ ಉದುರಿದ ಹೊಸ ಎಲೆಯನ್ನು ಆಗಲೇ ಬಳಸುವುದಿದ್ದರೆ, ಮೊದಲು ಪಾತಿಗೆ ಎರಡು ಮೂರು ದಿನ ಆಳವಾಗಿ ನೀರುಣಿಸಿ ಆಮೇಲೆ ಹೊದಿಸಬೇಕು.

ತೇಗ, ಹಲಸಿನಂಥ ದೊಡ್ಡ ಎಲೆಗಳು ಒಂದರ ಮೇಲೊಂದು ಅಂಟಿಕೊಂಡು ಛಾವಣಿಯಂತಾಗಿ ನೀರನ್ನು ಹೊರಗೆ ಜಾರಿಸುವುದರಿಂದ, ಅವನ್ನು ಪುಡಿಮಾಡಿ ಅಥವಾ ಸಣ್ಣ ಎಲೆಗಳ ಜೊತೆ ಬೆರೆಸಿ ಹಾಕಬೇಕು. ನೀಲಗಿರಿ, ಅಕೇಶಿಯಾ ಎಲೆಗಳಲ್ಲಿ ಎಳೆಸಸಿಗಳ ಬೆಳವಣಿಗೆಗೆ ಅಡ್ಡಿಯಾಗುವ ಅಂಶಗಳಿವೆ. ಅವನ್ನು ಒಂದು ಮಳೆಗಾಲ ರಾಶಿಯಲ್ಲಿ ಕೊಳೆಸದೆ ತರಕಾರಿ ಮಡಿಗೆ ಹಾಕುವುದು ಬೇಡ. ನಾರಿನ ಪುಡಿಯಲ್ಲಿ ಉಪ್ಪಿನಂಶವಿರಬಹುದು, ಎರಡು ಮೂರು ಸಲ ನೀರಿನಲ್ಲಿ ತೊಳೆದು ಬಸಿದು ಬಳಸಬೇಕು. ಹುಲ್ಲುಹಾಸು ಕತ್ತರಿಸಿದ ಹಸಿ ಹುಲ್ಲನ್ನು ದಪ್ಪವಾಗಿ ಹಾಕಿದರೆ ಬಿಸಿಯೇರಿ ಹಳಸಿ ನಾರುತ್ತದೆ, ಎರಡು ದಿನ ಒಣಗಿಸಿ ಹರಡಿದರೆ ಒಳ್ಳೆಯ ಮುಚ್ಚಿಗೆ. ಕಳೆನಾಶಕ ಸಿಂಪಡಿಸಿದ ಜಾಗದ ಹುಲ್ಲನ್ನು ಯಾವ ಕಾರಣಕ್ಕೂ ತರಬಾರದು.

ಹೊದಿಸುವ ಕ್ರಮ

ಮೊದಲು ದೊಡ್ಡ ಕಳೆಗಳನ್ನು ಬೇರುಸಹಿತ ಕೀಳಬೇಕು. ಮೇಲ್ಮೈ ಹೆಪ್ಪುಗಟ್ಟಿದ್ದರೆ ಕುರ್ಪಿಯಿಂದ ಒಂದೆರಡು ಅಂಗುಲದಷ್ಟು ಮಾತ್ರ ಸಡಿಲಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರವನ್ನು ತೆಳುವಾಗಿ ಹರಡಬೇಕು. ಆಮೇಲೆ ನೀರು. ಬೆರಳಿನ ಪೂರ್ತಿ ಉದ್ದ ಮಣ್ಣೊಳಗೆ ಇಳಿಸಿದಾಗ ತುದಿಯವರೆಗೆ ತಂಪು ತಾಗುವಷ್ಟು ನೀರುಣಿಸದೆ ಮುಂದುವರಿಯಬಾರದು. ಹನಿ ನೀರಾವರಿಯ ಪೈಪುಗಳಿದ್ದರೆ ಅವನ್ನು ಮಣ್ಣಿನ ಮೇಲೆ ಎಳೆದು, ಮುಚ್ಚಿಗೆ ಅವುಗಳ ಮೇಲೆ ಬರುವಂತೆ ಮಾಡಬೇಕು. ಪೈಪು ಮುಚ್ಚಿಗೆಯ ಮೇಲಿದ್ದರೆ ಹನಿಯ ಬಹುಪಾಲು ಎಲೆಗಳನ್ನು ನೆನೆಸುವುದಕ್ಕೇ ಖರ್ಚಾಗುತ್ತದೆ. ಆದರೆ ಅಡಿಯಲ್ಲಿರುವ ಪೈಪು ಕಟ್ಟಿಕೊಂಡರೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ವಾರಕ್ಕೊಮ್ಮೆ ಅಲ್ಲಲ್ಲಿ ಎಲೆ ಸರಿಸಿ ನೋಡುವುದು ಅನಿವಾರ್ಯ.

ದಪ್ಪ ಎಷ್ಟಿರಬೇಕು? ನಾರಿನ ಪುಡಿ, ಉಮಿ, ಪುಡಿಮಾಡಿದ ಎಲೆಯಂಥ ನುಣ್ಣನೆಯ ಸಾಮಗ್ರಿಯಾದರೆ ಎರಡು ಅಂಗುಲ. ಹುಲ್ಲು, ಇಡೀ ಎಲೆ, ರವದಿಯಾದರೆ ನಾಲ್ಕರಿಂದ ಆರು ಅಂಗುಲ. ಈ ಸಡಿಲ ಪದರ ಒಂದು ತಿಂಗಳಲ್ಲಿ ಅರ್ಧಕ್ಕೆ ಕುಸಿಯುತ್ತದೆ. 10 ಅಡಿ ಉದ್ದ, 4 ಅಡಿ ಅಗಲದ ಒಂದು ಮಡಿಗೆ ನಾಲ್ಕು ಅಂಗುಲ ದಪ್ಪ ಹೊದಿಸಲು ಸುಮಾರು 13 ಘನ ಅಡಿ ಸಾಮಗ್ರಿ ಬೇಕು, ಅಂದರೆ ಸಡಿಲವಾಗಿ ತುಂಬಿದ ದೊಡ್ಡ ಗೋಣಿಚೀಲಗಳು ನಾಲ್ಕು. ಹೊಸಬರು ಸಾಮಾನ್ಯವಾಗಿ ಇದರ ಕಾಲುಭಾಗ ಹರಡಿ ಫಲ ಕಾಣಲಿಲ್ಲವೆಂದು ಕೈಬಿಡುತ್ತಾರೆ. ಇರುವುದು ಕಡಿಮೆಯಾದರೆ ತೋಟಕ್ಕೆಲ್ಲ ತೆಳುವಾಗಿ ಉದುರಿಸುವ ಬದಲು ಒಂದೇ ಮಡಿಗೆ ದಪ್ಪವಾಗಿ ಹಾಕುವುದು ಮೇಲು.

ಗಿಡದ ಕಾಂಡದ ಸುತ್ತ ಮೂರು ನಾಲ್ಕು ಅಂಗುಲ ಜಾಗವನ್ನು ಬರಿದಾಗಿ ಬಿಡಬೇಕು. ಮಾವು, ನಿಂಬೆ, ಪಪ್ಪಾಯಿಯಂಥ ಗಿಡಗಳಿಗೆ ಈ ಅಂತರ ಇನ್ನಷ್ಟು ಇರಲಿ. ಒದ್ದೆ ಎಲೆ ಸದಾ ಕಾಂಡಕ್ಕೆ ತಾಗಿಕೊಂಡಿದ್ದರೆ ತೊಗಟೆ ಮೆತ್ತಗಾಗಿ ಬುಡಕೊಳೆ ರೋಗಕ್ಕೆ ದಾರಿಯಾಗುತ್ತದೆ. ಪಪ್ಪಾಯಿಯಂತೂ ಇದಕ್ಕೆ ಬಹುಬೇಗ ಬಲಿಯಾಗುತ್ತದೆ. ಮರಗಳಿಗೆ ಮುಚ್ಚಿಗೆ ಬೇಕಿರುವುದು ಬುಡದಲ್ಲಲ್ಲ, ಮಧ್ಯಾಹ್ನದ ನೆರಳಿನ ಅಂಚಿನವರೆಗೆ ಹರಡಿರುವ ಬೇರುಗಳ ಮೇಲೆ.

ಹರಿವೆ, ಕೊತ್ತಂಬರಿ, ಮೆಂತ್ಯದಂತೆ ನೇರವಾಗಿ ಬಿತ್ತುವ ಸೊಪ್ಪುಗಳಿಗೆ ಆರಂಭದಲ್ಲಿ ಮುಚ್ಚಿಗೆ ಬೇಡ. ಸಸಿಗಳು ಗೇಣುದ್ದವಾಗುವ ತನಕ ಕಾದು, ಸಾಲುಗಳ ನಡುವೆ ಪುಡಿ ಎಲೆ ಹಾಕಬೇಕು. ಶುಂಠಿ, ಅರಿಸಿನದ ಕ್ರಮ ಇದಕ್ಕೆ ತದ್ವಿರುದ್ಧ. ಅವುಗಳಿಗೆ ನಾಟಿಯ ದಿನವೇ ಹಸಿ ಸೊಪ್ಪು ಹೊದಿಸಬೇಕು. ಹೆಕ್ಟೇರಿಗೆ 10-12 ಟನ್ ಎಂಬುದು ಶುಂಠಿಗೆ ಶಿಫಾರಸಾಗಿರುವ ಪ್ರಮಾಣ, ಕೈತೋಟದ ಲೆಕ್ಕದಲ್ಲಿ ಒಂದು ಚದರ ಮೀಟರಿಗೆ ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು. ನಾಟಿಯಾಗಿ 40 ಮತ್ತು 90 ದಿನಗಳಾದಾಗ ಇದರ ಅರ್ಧದಷ್ಟನ್ನು ಮತ್ತೆ ಹಾಕಿ ಮಣ್ಣು ಏರಿಸಬೇಕು. ಶುಂಠಿಯ ಗಡ್ಡೆ ಬಿಸಿಮಣ್ಣನ್ನು ಸಹಿಸುವುದಿಲ್ಲ, ಮುಂಗಾರಿನ ಮೊದಲ ಹೊಡೆತಕ್ಕೆ ಮಡಿ ಕೊಚ್ಚಿಹೋಗದಂತೆ ಕಾಪಾಡುವುದೂ ಈ ಸೊಪ್ಪೇ.

ತಾರಸಿಯ ಕುಂಡಗಳಲ್ಲಿ ಮಣ್ಣು ಕಡಿಮೆ, ಬಿಸಿಲು ನಾಲ್ಕೂ ಕಡೆಯಿಂದ. ಅಲ್ಲಿ ಕೈಯಲ್ಲಿ ಹಿಸುಕಿ ಪುಡಿಮಾಡಿದ ಎಲೆ ಅಥವಾ ಬಿಡಿಸಿದ ತೆಂಗಿನ ನಾರು ಒಂದೂವರೆ ಅಂಗುಲ ಸಾಕು. ಅದಕ್ಕಾಗಿ ಕುಂಡದ ಅಂಚಿನಿಂದ ಎರಡು ಅಂಗುಲ ಕೆಳಗೇ ಮಣ್ಣು ನಿಲ್ಲುವಂತೆ ಮೊದಲೇ ತುಂಬಿರಬೇಕು.

ತೆಂಗಿನ ಸಿಪ್ಪೆಯ ಬಗ್ಗೆ ಒಂದು ಎಚ್ಚರಿಕೆಯಿದೆ. ತೆಂಗಿನ ಮರದ ಸುತ್ತ ಅಗಳು ತೆಗೆದು ಹೂಳುವಾಗ ಬಟ್ಟಲಿನ ಭಾಗ ಮೇಲಿರಬೇಕು, ಆಗ ಅದು ನೀರು ಹಿಡಿಯುತ್ತದೆ. ನೆಲದ ಮೇಲೆ ಮುಚ್ಚಿಗೆಯಾಗಿ ಜೋಡಿಸುವಾಗ ಮಾತ್ರ ಉಬ್ಬಿದ ಬೆನ್ನು ಮೇಲೆ ಮಾಡಿ ಕವುಚಿಡಬೇಕು. ಬಟ್ಟಲು ಮೇಲಾಗಿ ಬಿಟ್ಟ ಸಿಪ್ಪೆಯಲ್ಲಿ ಮಳೆನೀರು ನಿಂತು ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ.

ತೊಡಕುಗಳು

ಮುಚ್ಚಿಗೆಯಿಂದ ಗೆದ್ದಲು ಬರುತ್ತದೆಂಬ ಭಯ ಬಯಲುಸೀಮೆಯಲ್ಲಿ ಬಲವಾಗಿದೆ. ಗೆದ್ದಲು ಬರುವುದು ನಿಜ. ಆದರೆ ಅದರ ಮೊದಲ ಆಯ್ಕೆ ಒಣ ಕಡ್ಡಿ-ಎಲೆಗಳೇ ಹೊರತು ಆರೋಗ್ಯವಾಗಿರುವ ಹಸಿ ಗಿಡವಲ್ಲ. ಕಾಂಡದ ಸುತ್ತ ಅಂತರ ಬಿಟ್ಟು, ಮುಚ್ಚಿಗೆಯ ಅಡಿ ಪೂರ್ತಿ ಒಣಗದಂತೆ ನೋಡಿಕೊಂಡು, ಹೊದಿಸುವ ಮುನ್ನ ಒಂದೊಂದು ಹಿಡಿ ಬೇವಿನ ಹಿಂಡಿ ಉದುರಿಸಿದರೆ ಹಾನಿ ಅಪರೂಪ. ಎಳೆಯ ತೆಂಗಿನ ಸಸಿ, ಹೊಸದಾಗಿ ನೆಟ್ಟ ಮಾವು ಇದಕ್ಕೆ ಅಪವಾದ. ಅವುಗಳನ್ನು ಮೊದಲ ವರ್ಷ ಹತ್ತಿರದಿಂದ ಗಮನಿಸಬೇಕು.

ಮಲೆನಾಡು, ಕರಾವಳಿಯ ತೊಂದರೆ ಬಸವನಹುಳು. ಜೂನ್‌ನಿಂದ ಆಗಸ್ಟ್ ತನಕ ನೆಲ ಸದಾ ಒದ್ದೆಯಿರುವಾಗ ದಪ್ಪ ಮುಚ್ಚಿಗೆ ಅದಕ್ಕೆ ಒಳ್ಳೆಯ ಅಡಗುತಾಣ. ಆ ತಿಂಗಳುಗಳಲ್ಲಿ ತರಕಾರಿ ಮಡಿಗಳಲ್ಲಿ ಮುಚ್ಚಿಗೆ ತೆಳುವಾಗಿ, ಒರಟಾಗಿ, ಮಣ್ಣು ಕೊಚ್ಚದಷ್ಟು ಮಾತ್ರ ಇರಲಿ. ಆಫ್ರಿಕನ್ ಬಸವನಹುಳು ಕಾಲಿಟ್ಟ ತೋಟವಾದರೆ ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ, ಎಲೆಕೋಸಿನ ಸಿಪ್ಪೆ ಇಟ್ಟು, ಬೆಳಿಗ್ಗೆ ಅಲ್ಲಿ ಸೇರಿದ ಹುಳುಗಳನ್ನು ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕುವುದು ರಾಸಾಯನಿಕಕ್ಕಿಂತ ಸುರಕ್ಷಿತ ಉಪಾಯ.

ತರಗೆಲೆಯಡಿ ಹಾವು ಮಲಗಿರುವ ಸಾಧ್ಯತೆಯನ್ನು ಯಾರೂ ಹಗುರವಾಗಿ ಕಾಣಬಾರದು. ಕೊಳಕುಮಂಡಲದ ಮೈಬಣ್ಣ ಒಣ ಎಲೆಯೊಡನೆ ಬೆರೆತುಹೋಗುತ್ತದೆ. ಮನೆಯ ಗೋಡೆ, ಮೆಟ್ಟಿಲು, ನಡೆಯುವ ದಾರಿಯ ಪಕ್ಕ ದಪ್ಪ ಮುಚ್ಚಿಗೆ ಹಾಕದಿರುವುದು, ಎಲೆಯನ್ನು ಬರಿಗೈಯಿಂದಲ್ಲದೆ ಕೋಲು ಅಥವಾ ಹಲುಬೆಯಿಂದ ಸರಿಸುವುದು, ಕತ್ತಲಾದ ಮೇಲೆ ಅಲ್ಲಿ ಕೈಯಾಡಿಸದಿರುವುದು ಮನೆಮಂದಿಗೆಲ್ಲ ತಿಳಿದಿರಬೇಕು. ಬೇಸಿಗೆಯಲ್ಲಿ ಬೆಂಕಿಯ ಭಯವೂ ಇರುವುದರಿಂದ ತುಳಸಿಕಟ್ಟೆಯ ದೀಪದ ಸುತ್ತ, ಒಲೆಯ ಬೂದಿ ಸುರಿಯುವ ಜಾಗದ ಸುತ್ತ ನೆಲ ಬರಿದಾಗಿರಲಿ.

ಇನ್ನೊಂದು ಮಿತಿಯನ್ನೂ ಹೇಳಬೇಕು. ನಾಲ್ಕೈದು ಮಿಲಿಮೀಟರಿನ ತುಂತುರು ಮಳೆ ಒಣ ಮುಚ್ಚಿಗೆಯಲ್ಲೇ ಉಳಿದು ಮಣ್ಣನ್ನು ತಲುಪದೇ ಹೋಗಬಹುದು. ಮಳೆ ಬಂತೆಂದು ನೀರು ನಿಲ್ಲಿಸುವ ಮುನ್ನ ಎಲೆ ಸರಿಸಿ ಮಣ್ಣು ಮುಟ್ಟಿ ನೋಡಬೇಕು. ಹಾಗೆ ಸರಿಸಿದಾಗ ಎಲೆಗಳನ್ನು ಒಂದಕ್ಕೊಂದು ಹೊಲಿದಂತಿರುವ ಬಿಳಿಯ ಎಳೆಗಳು ಕಂಡರೆ ಗಾಬರಿ ಬೇಡ, ಅವು ಎಲೆಯನ್ನು ಕೊಳೆಸುವ ಶಿಲೀಂಧ್ರಗಳು. ಗಿಡಕ್ಕೆ ಸಾಮಾನ್ಯವಾಗಿ ಅವುಗಳಿಂದ ಕೇಡಿಲ್ಲ. ಅವುಗಳ ಕೆಳಗೆ ಸಾಸಿವೆ ಕಾಳಿನಂಥ ಎರೆಹುಳುವಿನ ಹಿಕ್ಕೆ ಗುಂಪುಗುಂಪಾಗಿ ಕಾಣತೊಡಗಿತೆಂದರೆ ಅಗೆಯುವ ಕೆಲಸವನ್ನು ಎರೆಹುಳುಗಳೇ ವಹಿಸಿಕೊಂಡಿವೆಯೆಂದು ತಿಳಿದು, ಆ ಮಡಿಗೆ ಗುದ್ದಲಿ ಹಾಕುವುದನ್ನು ನಿಲ್ಲಿಸಬಹುದು.

ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ಹೊಲಗಳಲ್ಲಿ ಕಾಣುವ ಪ್ಲಾಸ್ಟಿಕ್ ಹಾಳೆ ಕಳೆಯನ್ನೂ ಆವಿಯನ್ನೂ ತಡೆಯುವುದರಲ್ಲಿ ಹಿಂದೆ ಬಿದ್ದಿಲ್ಲ, ದೊಡ್ಡ ಹೊಲದವರಿಗೆ ಕೂಲಿಯ ಖರ್ಚೂ ಉಳಿಯುತ್ತದೆ. ಆದರೆ ಅದರಿಂದ ಮಣ್ಣಿಗೆ ಒಂದು ಹಿಡಿ ಆಹಾರವೂ ಸೇರುವುದಿಲ್ಲ, ಹರಿದ ಚೂರುಗಳು ವರ್ಷಗಟ್ಟಲೆ ನೆಲದಲ್ಲಿ ಉಳಿಯುತ್ತವೆ. ಕೈತೋಟಕ್ಕೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಮರುಹೊದಿಕೆ

ನವೆಂಬರಿನಲ್ಲಿ ಹಾಕಿದ ಮುಚ್ಚಿಗೆ ಸಂಕ್ರಾಂತಿಯ ಹೊತ್ತಿಗೆ ಕುಸಿದಿರುತ್ತದೆ. ಆಗ ಎರಡು ಅಂಗುಲ, ಮಾರ್ಚ್ ಆರಂಭದಲ್ಲಿ ಮತ್ತೆ ಎರಡು ಅಂಗುಲ ಸೇರಿಸಬೇಕು. ತಿಂಗಳಿಗೊಮ್ಮೆ ಮೇಲಿನಿಂದ ತೆಳುವಾದ ಸಗಣಿ ಬಗ್ಗಡ ಅಥವಾ ಜೀವಾಮೃತ ಚಿಮುಕಿಸಿದರೆ ಒರಟು ಹುಲ್ಲೂ ಬೇಗ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಮುಂಗಾರು ಪೂರ್ವದ ಮಳೆ ಒಂದೆರಡು ಸಲ ನೆಲವನ್ನು ನೆನೆಸಿದ ಮೇಲೆ, ಉಳಿದ ಮುಚ್ಚಿಗೆಯನ್ನು ತೆಗೆದೆಸೆಯದೆ, ಅಗೆದು ಸೇರಿಸದೆ, ಸಸಿ ನೆಡುವ ಕಡೆ ಮಾತ್ರ ಅಂಗೈಯಗಲ ಸರಿಸಿ ಗುಂಡಿ ಮಾಡಿ ನೆಡಬೇಕು. ಬಿತ್ತನೆಯ ಸಾಲುಗಳಿಗಾದರೆ ಎಲೆಯನ್ನು ಎರಡೂ ಬದಿಗೆ ಎಳೆದು ಸಾಲು ತೆರೆದು, ಮೊಳಕೆ ಗೇಣುದ್ದವಾದ ಬಳಿಕ ಅದನ್ನೇ ಹಿಂದಕ್ಕೆ ಎಳೆದು ಹೊದಿಸಬೇಕು.